ಹೊಲಿದವರು, ಹೊತ್ತು ಮಾರಿದವರು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಪಡುವಣ ದಿಕ್ಕಿಗೆ ಕಣಕುಂಬಿ, ಜಾಂಬೋಟಿಗಳ ಕಾಡು. ಅಲ್ಲಿ ಮನೆಮಾತು ಹೆಚ್ಚಾಗಿ ಮರಾಠಿ. ಮೂಡಣಕ್ಕೆ ಪಾರಿಶ್ವಾಡ, ಇಟಗಿ, ಕಕ್ಕೇರಿಗಳ ಕಡೆ ಬಂದರೆ ಬಯಲು ಹೊಲ, ಕನ್ನಡ ಮಾತು, ಕಿತ್ತೂರು–ಬೈಲಹೊಂಗಲಗಳ ನಂಟು. ನೂರು ವರ್ಷದ ಹಿಂದೆ ಪಾರಿಶ್ವಾಡದಂಥ ಊರಿನಲ್ಲಿ ಓದು ಬಲ್ಲ ಒಬ್ಬ ರೈತನ ಮಗನಿಗೆ ಕನ್ನಡದ ಒಂದು ಕಾದಂಬರಿ ಬೇಕು ಅನ್ನಿಸಿತು ಎನ್ನಿ. ಅದು ಅವನ ಕೈಗೆ ಬರುತ್ತಿದ್ದುದು ಹೇಗೆ?

ಪಠ್ಯಪುಸ್ತಕವಾದರೆ ದಾರಿ ಗೊತ್ತಿತ್ತು. ಮುಂಬಯಿ ಸರಕಾರದ ಶಿಕ್ಷಣ ಖಾತೆ ತನ್ನದೇ ಬುಕ್ ಡಿಪೋ ನಡೆಸುತ್ತಿತ್ತು. ಅಲ್ಲಿಂದ ಶಾಲೆಯ ಮಾಸ್ತರರ ಕೈಗೆ, ಮಾಸ್ತರರಿಂದ ಹುಡುಗರ ಕೈಗೆ. ಕಾದಂಬರಿಗೆ ಅಂಥ ರಾಜಮಾರ್ಗ ಇರಲಿಲ್ಲ. ಜಾತ್ರೆಗೆ ಹೋದಾಗ ಕಂಬಳಿ ಹಾಸಿ ಪುಸ್ತಕ ಹರವಿದವನ ಮುಂದೆ ಕೂತು ಆರಿಸಬೇಕು. ಇಲ್ಲವೇ ಮಾಸಪತ್ರಿಕೆಯೊಂದಕ್ಕೆ ಚಂದಾ ಕಟ್ಟಿ, ಅಂಚೆಯವನು ವ್ಹಿ.ಪಿ. ತಂದಾಗ ದುಡ್ಡು ಎಣಿಸಿ ಬಿಡಿಸಿಕೊಳ್ಳಬೇಕು. ಅದೂ ಇಲ್ಲದಿದ್ದರೆ ಯಾರೋ ಒಬ್ಬರು ಹೆಗಲ ಮೇಲೆ ಗಂಟು ಹೊತ್ತು ಊರಿಗೆ ಬರುವ ತನಕ ಕಾಯಬೇಕು. ಹಾಗೆ ಬಂದವರಲ್ಲಿ ಪುಸ್ತಕ ಬರೆದವರೇ ಇದ್ದರು ಎಂಬುದು ನಮ್ಮ ಸೀಮೆಯ ಪುಸ್ತಕ ವ್ಯಾಪಾರದ ದೊಡ್ಡ ಕತೆ.

ಸಾಹಿತ್ಯ ಚರಿತ್ರೆ ಬರೆಯುವಾಗ ನಾವು ಲೇಖಕರನ್ನು ಎಣಿಸುತ್ತೇವೆ, ಪತ್ರಿಕೆಗಳನ್ನು ಎಣಿಸುತ್ತೇವೆ, ಈಚೆಗೆ ಪ್ರಕಾಶಕರನ್ನೂ ಒಂದಿಷ್ಟು ನೆನೆಯುತ್ತೇವೆ. ಹಾಳೆ ಮಡಚಿ, ಹೊಲಿದು, ರಟ್ಟು ಕಟ್ಟಿದವರು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಗಡಿಸೀಮೆಯಲ್ಲಿ ಕನ್ನಡ ಪುಸ್ತಕ ಉಳಿದದ್ದು ಬರೆದವರಿಂದ ಎಷ್ಟೋ, ಹೊಲಿದವರಿಂದ ಮತ್ತು ಹೊತ್ತವರಿಂದಲೂ ಅಷ್ಟೇ. ಈ ಮಾತನ್ನು ಪೂರ್ಣ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಅಚ್ಚಿನ ಪುಸ್ತಕಕ್ಕಿಂತ ಮುಂಚೆಯೂ ನಮ್ಮಲ್ಲಿ ಕಟ್ಟುವ ಕೆಲಸ ಇತ್ತು. ಓಲೆಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಕೊಟ್ಟು ಬಿಗಿಯುತ್ತಿದ್ದರು. ವ್ಯಾಪಾರಿಗಳ, ಮಠಗಳ ಲೆಕ್ಕಕ್ಕೆ ಕಡತ ಇತ್ತು: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವುದು. ಕುಲಕರ್ಣಿಯ ದಫ್ತರ ರುಮಾಲಿನಲ್ಲಿ ಸುತ್ತಿ ಗಂಟಾಗುತ್ತಿತ್ತು. ಮರಾಠಿ ಪೋಥಿಗಳು ಹೊಲಿಗೆಯೇ ಇಲ್ಲದ ಬಿಡಿಹಾಳೆಗಳು, ಮಡಿವಸ್ತ್ರದಲ್ಲಿ ಕಟ್ಟಿಟ್ಟವು. ಬೆನ್ನಿಗೆ ಹೊಲಿಗೆ ಹಾಕಿ, ರಟ್ಟಿನ ಹೊದಿಕೆ ಕೊಟ್ಟ ಪುಸ್ತಕ ಅಚ್ಚುಮೊಳೆಯ ಜೊತೆಗೇ ನಮ್ಮಲ್ಲಿ ರೂಢಿಗೆ ಬಂತು.

ಆ ಅಚ್ಚುಮೊಳೆ ಬೆಳಗಾವಿಗೆ ಬಂದದ್ದು ಹೊರಗಿನಿಂದ. ವಿಲಿಯಂ ಕೇರಿಯ ಕರ್ನಾಟ ಭಾಷೆಯ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಲಂಡನ್ ಮಿಷನ್ನಿನವರು ಬಳ್ಳಾರಿಯಲ್ಲಿ ನೆಲೆಯೂರಿದ್ದರು; ಅಲ್ಲಿಂದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದು ಮಿಷನ್ ಕಟ್ಟಿದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅಲ್ಲಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1894ರಲ್ಲಿ ಕಿಟ್ಟೆಲ್ ನಿಘಂಟು ಹೊರಬಂದದ್ದೂ ಅಲ್ಲಿಂದಲೇ. ಅಚ್ಚು ಹಾಕುವುದು, ಹೊಲಿಯುವುದು, ಮಾರುವುದು ಈ ಮೂರನ್ನೂ ಒಂದೇ ಸೂರಿನಡಿ ತಂದ ಶಿಸ್ತು ಮಿಷನ್ನಿನವರದು. ಮುದ್ರಣಾಲಯದ ಪಕ್ಕದಲ್ಲೇ ಬೈಂಡಿಂಗ್ ಶಾಖೆ, ಬುಕ್ ಡಿಪೋ, ಜಾತ್ರೆ ಸಂತೆಗಳಿಗೆ ಪುಸ್ತಕ ಹೊತ್ತು ಹೋಗುವ ಆಳುಗಳು. ಅವರ ಉದ್ದೇಶ ಮತಪ್ರಚಾರ. ಆದರೂ ಜಾತ್ರೆಯಲ್ಲಿ ಪುಸ್ತಕ ಮಾರಬಹುದು ಎಂಬ ಪಾಠವನ್ನು ಅವರಿಂದ ಎಲ್ಲರೂ ಕಲಿತರು.

ಮುಂಬಯಿ ಇಲಾಖೆಯ ದಕ್ಷಿಣದ ತುದಿಯಲ್ಲಿದ್ದ ನಮ್ಮ ಜಿಲ್ಲೆಗಳಿಗೆ ಇನ್ನೊಂದು ತೊಡಕಿತ್ತು. ಕಚೇರಿ, ಶಾಲೆ, ನಾಟಕ, ಪತ್ರಿಕೆ ಎಲ್ಲದರಲ್ಲೂ ಮರಾಠಿಯ ಸಂತೆ ಜೋರು. ಪುಣೆ, ಕೊಲ್ಹಾಪುರಗಳಿಂದ ಪುಸ್ತಕ ಸಲೀಸಾಗಿ ಬರುತ್ತಿದ್ದವು. 1887ರಲ್ಲಿ ಬೆಳಗಾವಿಗೆ ರೈಲು ಬಂದ ಮೇಲೆ ಇನ್ನೂ ಸಲೀಸು. ಕನ್ನಡ ಪುಸ್ತಕಕ್ಕೆ ಬರೆಯುವವರು ಬೇಕು, ಅಚ್ಚು ಹಾಕುವವರು ಬೇಕು, ಕೊಳ್ಳುವವರೂ ಬೇಕು. ಮೂರೂ ಒಟ್ಟಿಗೆ ಹುಟ್ಟಬೇಕಿತ್ತು. ಧಾರವಾಡದಲ್ಲಿ 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಈ ಕೊರಗಿನಿಂದಲೇ.

ಬೆಳಗಾವಿಯ ಪಾಲಿಗೆ ಈ ಕತೆಯಲ್ಲಿ ಹೆಮ್ಮೆ ಪಡುವ ಒಂದು ವರ್ಷ ಇದೆ, 1923. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಯ ಅಟ್ಟ, ಮಠದ ಜಗುಲಿ ಹುಡುಕಿ ಓಲೆಗರಿಗಳಿಂದ ವಚನಗಳನ್ನು ಬರೆದುಕೊಂಡು ಒಂದು ದೊಡ್ಡ ಹಸ್ತಪ್ರತಿ ಸಿದ್ಧಮಾಡಿದ್ದರು. ಅಚ್ಚಿಗೆಂದು ಅದನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರು. ಅದು ಅಚ್ಚಾಗದೆ ಹಿಂದಿರುಗಿ ಬಂತು. ಕಡೆಗೆ ಅದನ್ನು ಅಚ್ಚು ಹಾಕಿದ್ದು ಬೆಳಗಾವಿಯಲ್ಲಿ, ಚೌಗುಲೆಯವರ ಮಹಾವೀರ ಮುದ್ರಣಾಲಯ. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೀಗೆ ನಮ್ಮ ಊರಿನ ಮೊಳೆಗಳಲ್ಲಿ ಮೂಡಿ, ನಮ್ಮ ಊರಿನಿಂದ ಹೊರಟಿತು. ಇವತ್ತು ಬಸವಣ್ಣ, ಅಲ್ಲಮ, ಅಕ್ಕನ ಮಾತು ಕರ್ನಾಟಕದ ಮನೆಮನೆಯಲ್ಲಿ ಇರುವುದಕ್ಕೆ ಬೆಳಗಾವಿಯ ಒಂದು ಛಾಪಖಾನೆಯ ಮಸಿ ಹತ್ತಿದ ಕೈಗಳೂ ಕಾರಣ ಎಂಬುದನ್ನು ಇಲ್ಲಿಯ ಶಾಲೆಯ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಹೇಳಬೇಕು.

ಹಳಕಟ್ಟಿಯವರು ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ಸಲವೂ ಪರವೂರಿನ ಮುದ್ರಣಾಲಯದ ಬಾಗಿಲು ಕಾಯುವುದು ಆಗದ ಮಾತು ಎಂದು ತಿಳಿದು, ಇದ್ದ ಮನೆ ಮಾರಿ 1925ರಲ್ಲಿ ವಿಜಯಪುರದಲ್ಲೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ, ಅದರ ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ವಕೀಲರು ಮನೆ ಕಟ್ಟಿಸುತ್ತಾರೆ. ಇವರು ಮನೆ ಮಾರಿ ಮೊಳೆ ಕೊಂಡರು. ಕೊನೆಯ ತನಕ ಬಾಡಿಗೆ ಮನೆಯಲ್ಲಿದ್ದು 1964ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ದಿನ ಜುಲೈ 2ನ್ನು ಸರಕಾರ ವಚನ ಸಾಹಿತ್ಯ ಸಂರಕ್ಷಣಾ ದಿನ ಎಂದು ಆಚರಿಸುತ್ತದೆ. ಆ ದಿನದ ಭಾಷಣಗಳಲ್ಲಿ ಸಂಶೋಧನೆಯ ಮಾತು ಸಾಕಷ್ಟು ಬರುತ್ತದೆ. ಪ್ರೂಫು, ಕಾಗದದ ಬೆಲೆ, ಮಾರಾಟವಾಗದೆ ಉಳಿದ ಪ್ರತಿಗಳ ಮಾತೂ ಒಂದಿಷ್ಟು ಬಂದರೆ ಆ ಬದುಕಿನ ಭಾರ ಕೇಳುಗರಿಗೆ ಸರಿಯಾಗಿ ತಿಳಿದೀತು.

ಇನ್ನೊಬ್ಬರು ಗಳಗನಾಥರು. ಹಾವೇರಿ ಸೀಮೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ ಶಾಲಾ ಮಾಸ್ತರರಾಗಿದ್ದವರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡದ ಜಾಯಮಾನಕ್ಕೆ ಹೊಂದಿಸಿ ತಂದರು, ಸ್ವಂತದ್ದನ್ನೂ ಬರೆದರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಕಾದಂಬರಿಯ ರುಚಿ ಹತ್ತಿಸಿದವರು ಅವರು. ಮರಾಠಿ ಓದುತ್ತಿದ್ದ ಕನ್ನಡದ ಮನೆಗಳನ್ನು ಕನ್ನಡಕ್ಕೆ ತಿರುಗಿಸಿದ ಕೀರ್ತಿ ಯಾರಿಗಾದರೂ ಸಲ್ಲುವುದಾದರೆ ಮೊದಲು ಅವರಿಗೆ. ಮನೆಯ ಹೊಸ ಸೊಸೆ ಅಕ್ಷರ ಕೂಡಿಸಿ ಕೂಡಿಸಿ ಓದಲು ಕಲಿತದ್ದು, ಮುದುಕರು ಪಡಸಾಲೆಯಲ್ಲಿ ಕೂತು ಓದಿಸಿ ಕೇಳಿದ್ದು ಇಂಥ ಪುಸ್ತಕಗಳಿಂದ.

ಅಂಥ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಇದನ್ನು ನಾವು ಕಣ್ಣಂಚು ಒದ್ದೆ ಮಾಡಿಕೊಂಡು ಹೇಳುವುದು ವಾಡಿಕೆ. ಬಡತನ ಇತ್ತು, ಸಾಲ ಇತ್ತು, ನಿಜ. ಆದರೆ ಬರೀ ಕರುಣೆಯ ಕತೆಯಾಗಿ ಇದನ್ನು ಹೇಳುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಂಗಡಿಯೇ ಇಲ್ಲದ ಸೀಮೆಯಲ್ಲಿ ಅವರು ತಾವೇ ಅಂಗಡಿಯಾದರು. ಯಾವ ಊರಿನಲ್ಲಿ ಯಾವ ಮನೆಯವರು ಏನು ಓದುತ್ತಾರೆ, ಯಾವ ಪ್ರಸಂಗ ಬಂದಾಗ ಕಣ್ಣೀರು ಹಾಕುತ್ತಾರೆ ಎಂಬುದು ಕಟ್ಟೆಯ ಮೇಲೆ ಕೂತು ಮಾರಿದವನಿಗೆ ಗೊತ್ತಾದಷ್ಟು ಬೇರೆ ಯಾರಿಗೂ ಗೊತ್ತಾಗದು. ಅವರ ಮುಂದಿನ ಪುಸ್ತಕ ಆ ತಿಳಿವಳಿಕೆಯಿಂದ ಹುಟ್ಟುತ್ತಿತ್ತು.

ಇದು ನಮ್ಮ ಸೀಮೆಗಷ್ಟೇ ಬಂದ ಪಾಡಲ್ಲ. ಹೊಸದಾಗಿ ಜನ ನೆಲೆಸುತ್ತಿದ್ದ ಅಮೆರಿಕದ ಪಶ್ಚಿಮದ ಗಡಿಯಲ್ಲೂ ಇನ್ನೂರು ವರ್ಷದ ಹಿಂದೆ ಇದೇ ನಡೆಯಿತು. ಜಾನ್ ಬ್ರಾಡ್‌ಫರ್ಡ್ 1787ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಪತ್ರಿಕೆ ತೆರೆದಾಗ ಅಚ್ಚುಮೊಳೆಗಳು ಓಹಾಯೋ ನದಿಯಲ್ಲಿ ದೋಣಿಯ ಮೇಲೆ, ಅಲ್ಲಿಂದ ಕುದುರೆಯ ಬೆನ್ನ ಮೇಲೆ ಕಾಡುದಾರಿ ಹಿಡಿದು ಬಂದವು. ದಾರಿಯಲ್ಲಿ ಮೊಳೆ ಚೆಲ್ಲಾಪಿಲ್ಲಿಯಾಗಿ, ಕಳೆದುಹೋದ ಅಕ್ಷರಗಳನ್ನು ಮರದಲ್ಲಿ ಕೊರೆದುಕೊಂಡರು ಎಂಬ ಮಾತು ಅಲ್ಲಿ ಪ್ರಚಲಿತ. ಕೈಯಲ್ಲಿ ನಗದು ಇಲ್ಲದ ಜನ ಚಂದಾ ಬಾಬ್ತು ಜೋಳ, ಹಿಟ್ಟು ಕೊಡುತ್ತಿದ್ದರು. ಕಾಗದ ತಯಾರಾಗುತ್ತಿದ್ದದ್ದು ಹಳೆಯ ಅರಿವೆಯಿಂದ; ಆದ್ದರಿಂದ ಮುದ್ರಕರು ಹರಕು ಬಟ್ಟೆಯನ್ನೂ ದುಡ್ಡಿನ ಬದಲು ತಗೊಳ್ಳುತ್ತಿದ್ದರು.

ಅವರಲ್ಲಿ ನನಗೆ ಹೆಚ್ಚು ಹಿಡಿಸುವವನು ಝೇಡಕ್ ಕ್ರೇಮರ್. ಈತ ಕಸುಬಿನಿಂದ ಬೈಂಡರ್. 1800ರಲ್ಲಿ ಪಿಟ್ಸ್‌ಬರ್ಗಿಗೆ ಬಂದು ಪುಸ್ತಕ ಹೊಲಿಯುವುದು, ಮಾರುವುದು ಎರಡನ್ನೂ ಕೂಡಿಯೇ ಶುರುಮಾಡಿದ. ಅವನ ಅಂಗಡಿಯ ಮುಂದೆ ಹಾದು ಜನ ದೋಣಿ ಹತ್ತಿ ಪಶ್ಚಿಮಕ್ಕೆ ಹೋಗುತ್ತಿದ್ದರು. ಅವರಿಗೆ ಏನು ಬೇಕು ಎಂದು ನೋಡಿದ: ನದಿಯಲ್ಲಿ ಎಲ್ಲಿ ಸುಳಿ, ಎಲ್ಲಿ ದಿಬ್ಬ, ಎಲ್ಲಿ ಊರು ಎಂದು ಹೇಳುವ ಕೈಪಿಡಿ. ‘ನ್ಯಾವಿಗೇಟರ್’ ಎಂಬ ಆ ಪುಸ್ತಕವನ್ನು 1801ರಿಂದ ಅಚ್ಚು ಹಾಕಿಸಿ ಮಾರಿದ. ಅವನು 1813ರಲ್ಲಿ ತೀರಿಕೊಂಡ ಮೇಲೂ 1824ರ ತನಕ ಅದು ಮರುಮುದ್ರಣ ಕಾಣುತ್ತ ಹೋಯಿತು. ಜೊತೆಗೆ ಪಂಚಾಂಗ ಹೊರಡಿಸಿದ. ಈ ಎರಡರ ಗಳಿಕೆಯೇ ಅವನ ಅಂಗಡಿಯ ಬಲ; ಉಳಿದ ಪುಸ್ತಕಗಳು ಅದರ ಆಸರೆಯಲ್ಲಿ ಕಪಾಟಿನಲ್ಲಿ ಕೂತವು.

ಮೇಸನ್ ಲಾಕ್ ವೀಮ್ಸ್ ಎಂಬ ಪಾದ್ರಿಯದು ಇನ್ನೊಂದು ಬಗೆ. ಫಿಲಡೆಲ್ಫಿಯಾದ ಪ್ರಕಾಶಕ ಮ್ಯಾಥ್ಯೂ ಕೇರಿಯ ಪುಸ್ತಕಗಳನ್ನು ಬಂಡಿಯಲ್ಲಿ ತುಂಬಿಕೊಂಡು ಸಂತೆ, ಕೋರ್ಟು, ಚರ್ಚುಗಳ ಮುಂದೆ ನಿಲ್ಲಿಸಿ ಮಾರುತ್ತಿದ್ದ. ಜನರಿಗೆ ಹಿಡಿಸುವುದು ಯಾವುದು ಎಂದು ಪ್ರಕಾಶಕನಿಗೆ ಕಾಗದ ಬರೆಯುತ್ತಿದ್ದ. ಕಡೆಗೆ ತಾನೇ ಜಾರ್ಜ್ ವಾಷಿಂಗ್ಟನ್ನಿನ ಚರಿತ್ರೆ ಬರೆದ. ನಮ್ಮ ಶಾಲೆಯ ಪಾಠಗಳಿಗೂ ಬಂದ, ಸುಳ್ಳು ಹೇಳದ ಹುಡುಗ ಚೆರ್ರಿ ಗಿಡ ಕಡಿದ ಕತೆ ಜನರ ಬಾಯಿಗೆ ಬಂದದ್ದು ಆ ಪುಸ್ತಕದಿಂದ. ಗಳಗನಾಥರ ತಲೆಯ ಗಂಟಿಗೂ ವೀಮ್ಸನ ಬಂಡಿಗೂ ನೂರು ವರ್ಷದ, ಸಾವಿರಾರು ಮೈಲಿಯ ಅಂತರ. ಕೆಲಸ ಒಂದೇ.

ಕ್ರೇಮರನ ಲೆಕ್ಕ ನಮ್ಮಲ್ಲೂ ಅದೇ ಇತ್ತು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗಗಳ ಪುಸ್ತಕದ ಅಂಗಡಿ ನಿಂತದ್ದು ಮಹಾಕಾವ್ಯಗಳ ಮೇಲಲ್ಲ. ಅಂಕಲಿಪಿ, ಪಂಚಾಂಗ, ಭಜನಿ ಪದ, ಸಿದ್ಧಾರೂಢರ ಚರಿತ್ರೆ, ಸವದತ್ತಿ ಎಲ್ಲಮ್ಮನ ಮಹಾತ್ಮೆ, ಬೈಲಹೊಂಗಲ ಸೀಮೆಯ ಸಂಗ್ಯಾ ಬಾಳ್ಯಾ ಸಣ್ಣಾಟದ ಪದಗಳು: ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ, ಗೊಡಚಿ ವೀರಭದ್ರನ ಜಾತ್ರೆಯಲ್ಲಿ, ನಮ್ಮ ತಾಲೂಕಿನದೇ ಕಕ್ಕೇರಿ ಬಿಷ್ಟಾದೇವಿಯ ಜಾತ್ರೆಯಲ್ಲಿ ಬಳೆ, ಬತ್ತಾಸಿನ ಅಂಗಡಿಗಳ ನಡುವೆ ಬಿಕರಿಯಾಗುವುದು ಇಂಥವು. ಎರಡು ಮಡಿಕೆ, ಒಂದು ಹೊಲಿಗೆ, ಬಣ್ಣದ ತೆಳು ಹೊದಿಕೆ. ಬಲ್ಲವರು ಇವನ್ನು ಕಂಡು ಮೂಗು ಮುರಿದರು. ಆದರೆ ಅಂಗಡಿಯ ಬಾಡಿಗೆ ಕಟ್ಟಿದ್ದು ಅಂಕಲಿಪಿ. ವಚನದ ಪುಸ್ತಕ ಮೂರು ವರ್ಷ ಕಪಾಟಿನಲ್ಲಿ ಕೂತು ಗಿರಾಕಿಯನ್ನು ಕಾಯಲು ಸಾಧ್ಯವಾದದ್ದು ಆ ಬಾಡಿಗೆಯಿಂದ.

ಬೈಂಡರನಿಗೆ ಅಂಥ ಆಸರೆ ಎಂದರೆ ವಹಿ. ದೀಪಾವಳಿ ಪಾಡ್ಯಕ್ಕೆ ವ್ಯಾಪಾರಸ್ಥರು ಹೊಸ ಲೆಕ್ಕ ಶುರುಮಾಡುತ್ತಾರೆ. ಬೆಳಗಾವಿಯ ರವಿವಾರ ಪೇಟೆಯ ಧಾನ್ಯದ ಅಡತಿಗಳಿಂದ ಹಿಡಿದು ಹಳ್ಳಿಯ ಕಿರಾಣಿಯವರ ತನಕ ಎಲ್ಲರಿಗೂ ಕೆಂಪು ಬಟ್ಟೆಯ ಕೀರ್ದಿ, ಖಾತೆವಹಿ ಬೇಕಾಗುತ್ತಿತ್ತು. ಲಕ್ಷ್ಮೀಪೂಜೆಗೆ ಅದನ್ನೇ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ‘ಶ್ರೀ’ ಬರೆಯುವುದು. ಹಬ್ಬದ ಮುಂಚಿನ ಎರಡು ತಿಂಗಳು ಬೈಂಡರನ ಮನೆಯವರೆಲ್ಲ ಮಡಚುವುದು, ಹೊಲಿಯುವುದು. ಲೆಕ್ಕ ಗಣಕಯಂತ್ರಕ್ಕೆ ಹೋದ ಮೇಲೆ ಆ ದುಡಿಮೆ ಕರಗಿತು. ಬೆಳಗಾವಿಯ ಬೈಂಡರುಗಳನ್ನು ಈಗ ನಡೆಸುತ್ತಿರುವುದರಲ್ಲಿ ದೊಡ್ಡ ಪಾಲು ಕಾಲೇಜುಗಳ ಪ್ರಾಜೆಕ್ಟ್ ರಿಪೋರ್ಟು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇಲ್ಲಿಗೆ ಬಂತು, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಪರೀಕ್ಷೆಯ ಹೊತ್ತಿಗೆ ಹುಡುಗರು ಕಟ್ಟು ಕಟ್ಟು ಹಾಳೆ ಹಿಡಿದು ಬರುತ್ತಾರೆ: ರಟ್ಟಿನ ಬೈಂಡ್, ಬಂಗಾರದ ಅಕ್ಷರ, ನಾಳೆ ಬೆಳಿಗ್ಗೆಗೆ ಬೇಕು. ಜೊತೆಗೆ ವಕೀಲರ ಕಾನೂನು ವರದಿಯ ಸಂಪುಟಗಳು, ಕಚೇರಿಯ ರಿಜಿಸ್ಟರುಗಳು.

ಈ ಕೆಲಸ ನಿಂತು ನೋಡುವಂಥದ್ದು. ದೊಡ್ಡ ಹಾಳೆಯ ಎರಡೂ ಮಗ್ಗುಲಿಗೆ ಎಂಟೆಂಟು ಪುಟ ಅಚ್ಚಾಗಿರುತ್ತವೆ. ಮೂರು ಸಲ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಮಡಚುವಾಗ ಪುಟಸಂಖ್ಯೆಯ ಮೇಲೆ ಸಂಖ್ಯೆ ಕೂರಬೇಕು. ಕೂದಲೆಳೆ ತಪ್ಪಿದರೂ ಅಂಚು ಕತ್ತರಿಸುವಾಗ ಅಕ್ಷರಕ್ಕೆ ಕತ್ತರಿ ಬೀಳುತ್ತದೆ. ಫಾರಂಗಳನ್ನು ಅನುಕ್ರಮಕ್ಕೆ ಜೋಡಿಸಿ, ಒಂದೊಂದರ ನಡುಮಡಿಕೆಯಲ್ಲೂ ಸೂಜಿ ಹೊಗಿಸಿ ಹೊರಗೆ ತಂದು, ಪಕ್ಕದ ಫಾರಂಗೆ ಗಂಟು ಹಾಕುತ್ತ ಹೋಗುತ್ತಾರೆ. ದಾರಕ್ಕೆ ಮೇಣ ಸವರಿರುತ್ತಾರೆ, ಜಾರದಿರಲಿ ಎಂದು. ದಾರ ಬಹಳ ಬಿಗಿದರೆ ಹಾಳೆ ಹರಿಯುತ್ತದೆ, ಸಡಿಲ ಬಿಟ್ಟರೆ ಪುಸ್ತಕ ಬಾಯಿ ಬಿಡುತ್ತದೆ. ಹೊಲಿದ ಮೇಲೆ ಬೆನ್ನಿಗೆ ಮೈದಾ ಹಿಟ್ಟಿನ ಅಂಟು. ಹುಳ ಹತ್ತದಿರಲೆಂದು ಅದರಲ್ಲಿ ಚಿಟಿಕೆ ಮೈಲುತುತ್ತ. ಬೆನ್ನನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ದುಂಡಗೆ ಮಾಡಿ, ಅರಿವೆಯ ಪಟ್ಟಿ ಅಂಟಿಸಿ, ರಟ್ಟು ಕೂರಿಸಿ, ಮೇಲೆ ಕ್ಯಾಲಿಕೊ ಎಳೆದು, ರಾತ್ರಿಯಿಡೀ ಒತ್ತಿನಲ್ಲಿಡುತ್ತಾರೆ. ಹಳೆಯ ಪ್ರಕಾಶಕರ ಜಾಹೀರಾತುಗಳಲ್ಲಿ ‘ಸಾದಾ ಪ್ರತಿ’, ‘ಕ್ಯಾಲಿಕೊ ಪ್ರತಿ’ ಎಂದು ಎರಡು ಬೆಲೆ ಇರುತ್ತಿದ್ದದ್ದು ಇದಕ್ಕೇ. ಕ್ಯಾಲಿಕೊ ಪ್ರತಿ ಕೊಂಡವರು ಮೊಮ್ಮಕ್ಕಳಿಗಾಗಿ ಕೊಳ್ಳುತ್ತಿದ್ದರು.

ನನ್ನ ಕಪಾಟಿನಲ್ಲಿ ಗಳಗನಾಥರ ಒಂದು ಕಾದಂಬರಿಯ ಹಳೆಯ ಪ್ರತಿ ಇದೆ. ಬೆನ್ನು ಕಿತ್ತು ಬಂದಿತ್ತೆಂದು ಬೆಳಗಾವಿಯ ಒಬ್ಬ ಹಿರಿಯ ಬೈಂಡರರ ಬಳಿ ಒಯ್ದೆ. ಅವರು ಹಳೆಯ ಅಂಟನ್ನು ಒದ್ದೆ ಅರಿವೆಯಿಂದ ನೆನೆಸಿ ಬಿಡಿಸಿದರು. ಒಳಗೆ ಬೆನ್ನಿಗೆ ಬಲ ಕೊಡಲು ಹಚ್ಚಿದ್ದ ಕಾಗದದ ಪಟ್ಟಿ ಹೊರಬಂತು. ಯಾವುದೋ ಮರಾಠಿ ಪಂಚಾಂಗದ ರದ್ದಿ. ತಿಥಿ, ನಕ್ಷತ್ರ, ಸಣ್ಣ ಬಾಲಬೋಧ ಅಕ್ಷರ. ಆ ಕಾಲದ ಬೈಂಡರನ ಕೈಗೆ ಸಿಕ್ಕ ಕಾಗದ ಅದು. ಕನ್ನಡದ ಕಾದಂಬರಿ ಅಷ್ಟು ವರ್ಷ ಮರಾಠಿ ಪಂಚಾಂಗದ ಬಲದ ಮೇಲೆ ನಿಂತಿತ್ತು. ನಮ್ಮ ಗಡಿಯ ಜಗಳಗಳನ್ನು ಬಲ್ಲ ನನಗೆ ಅದನ್ನು ಕಂಡು ಮನಸ್ಸು ತುಂಬಿ ಬಂತು.

“ಇದಕ್ಕೇನೂ ಆಗಿಲ್ರೀ ಸರ,” ಎಂದರು ಅವರು. “ಹೊಲಿಗಿ ಗಟ್ಟಿ ಐತಿ. ಬರೇ ಪುಠ್ಠಾ ಹ್ವಾದದ್ದು. ಹೊಸಾದು ಹಾಕಿ ಕೊಡ್ತೀನಿ, ಇನ್ನ ಐವತ್ತ ವರ್ಷ ಚಿಂತಿಲ್ಲ.” ಅದೇ ದಿನ ಚೀಲದಲ್ಲಿದ್ದ ಇನ್ನೊಂದು ಪುಸ್ತಕವನ್ನೂ ತೋರಿಸಿದೆ, ಹತ್ತು ವರ್ಷದ ಹಿಂದಷ್ಟೇ ಕೊಂಡದ್ದು, ತೆರೆದ ಕೂಡಲೇ ಹಾಳೆ ಉದುರುತ್ತಿದ್ದವು. ಅವರು ಬೆನ್ನು ಮುಟ್ಟಿ ನೋಡಿ ಮುಖ ಕಿರಿದು ಮಾಡಿದರು. “ಇದಕ್ಕ ಹೊಲಿಗೀನ ಇಲ್ರಿ. ಎದಕ್ಕ ಹಿಡದು ಕಟ್ಟಲಿ?”

ಇದೇ ಈಗಿನ ತೊಂದರೆ. ನಡುಮಡಿಕೆಯನ್ನು ಯಂತ್ರದಲ್ಲಿ ಕತ್ತರಿಸಿ, ಬಿಡಿಹಾಳೆಗಳ ಬೆನ್ನಿಗೆ ಬಿಸಿ ಅಂಟು ಹಚ್ಚಿ ಹೊದಿಕೆ ಕೂರಿಸುವ ಪದ್ಧತಿ ಎಲ್ಲ ಕಡೆ ಬಂದಿದೆ. ಅದಕ್ಕೆ ‘ಪರ್ಫೆಕ್ಟ್ ಬೈಂಡಿಂಗ್’ ಎನ್ನುತ್ತಾರೆ. ಬೇಗ ಆಗುತ್ತದೆ, ಅಗ್ಗ, ನೋಡಲು ಚೊಕ್ಕ. ಅಂಟು ಒಣಗಿ ಬಿರಿದ ದಿನ ಪುಸ್ತಕ ರದ್ದಿ. ಕಡಿಮೆ ಬೆಲೆಯ ಪುಸ್ತಕಕ್ಕೆ ಇದು ಅನಿವಾರ್ಯ ಎಂದು ಒಪ್ಪುತ್ತೇನೆ. ಸಮಗ್ರ ಸಂಪುಟ, ನಿಘಂಟು, ವಚನ ಸಂಪುಟಗಳನ್ನೂ ಹೀಗೆ ಅಂಟಿಸಿ ಕೊಡುವುದನ್ನು ಒಪ್ಪಲಾರೆ. ನೂರು ವರ್ಷ ಬಾಳಬೇಕಾದ ಮಾತನ್ನು ಹತ್ತು ವರ್ಷದ ಅಂಟಿಗೆ ಒಪ್ಪಿಸುವುದು ತಪ್ಪು.

ಮಾರುವ ಕಡೆಯೂ ಹೀಗೆಯೇ ಒಂದು ಕೊಂಡಿ ಕಳಚಿದೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದಾಗ ನೆಚ್ಚಿಕೊಂಡದ್ದು ಚಂದಾದಾರರನ್ನು. ವರ್ಷಕ್ಕೆ ಇಷ್ಟು ದುಡ್ಡು ಮುಂಚೆ ಕೊಟ್ಟರೆ ಇಷ್ಟು ಪುಸ್ತಕ ಮನೆಗೆ ಬರುತ್ತವೆ. ಚಂದಾದಾರರನ್ನು ಹುಡುಕಿಕೊಂಡು ಅವರು ತಿರುಗಿದ ಊರುಗಳು ಎಷ್ಟೋ. ಸುಭಾಸ ರಸ್ತೆಯ ಆ ಅಟ್ಟದಿಂದಲೇ ಬೇಂದ್ರೆಯವರ ಕಾಲದಿಂದ ಗಿರೀಶ ಕಾರ್ನಾಡರ ಕಾಲದ ತನಕ ಕನ್ನಡದ ಹೊಸ ಬರವಣಿಗೆ ಹಳ್ಳಿಗಳ ಪಡಸಾಲೆಗೆ ಹೋಯಿತು. ದಕ್ಷಿಣದಲ್ಲಿ ಜಿ.ಪಿ. ರಾಜರತ್ನಂ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಮಾರುತ್ತ ತಮ್ಮನ್ನು ಕನ್ನಡದ ಪರಿಚಾರಕ ಎಂದು ಕರೆದುಕೊಂಡರು. ಇವರೆಲ್ಲರಿಗೂ ಓದುಗನ ಮುಖ ಗೊತ್ತಿತ್ತು.

ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಬಂದ ಮೇಲೆ ಅನೇಕ ಪ್ರಕಾಶಕರಿಗೆ ಓದುಗನ ಮುಖ ನೋಡುವ ಅಗತ್ಯ ಕಡಿಮೆಯಾಯಿತು. ಸಗಟು ಖರೀದಿ ಬೇಡ ಎನ್ನುತ್ತಿಲ್ಲ; ಅದಿಲ್ಲದಿದ್ದರೆ ಎಷ್ಟೋ ಒಳ್ಳೆಯ ಪುಸ್ತಕ ಅಚ್ಚೇ ಆಗುತ್ತಿರಲಿಲ್ಲ. ಆದರೆ ಹಾಗೆ ಕೊಂಡ ಪುಸ್ತಕ ತಾಲೂಕಿನ ಗ್ರಂಥಾಲಯದ ಕಪಾಟಿನಲ್ಲಿ ಬೆನ್ನು ಮುರಿದು ಬಿದ್ದರೆ ಅದನ್ನು ಹೊಲಿಸಲು ಯಾರೂ ಮನಸ್ಸು ಮಾಡುವುದಿಲ್ಲ. ಬೆಳಗಾವಿಯಲ್ಲಿ 1925, 1929ರಿಂದ ಹಿಡಿದು 2003ರ ತನಕ ಹಲವು ಸಾಹಿತ್ಯ ಸಮ್ಮೇಳನ ನಡೆದವು, 2011ರಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಸಮ್ಮೇಳನದ ಮಳಿಗೆಗಳ ಮುಂದೆ ಹಳ್ಳಿಯ ಜನ ಚೀಲ ತುಂಬ ಪುಸ್ತಕ ಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇವೆ. ಓದುಗರಿಲ್ಲ ಎಂಬ ದೂರು ಹಾಗಾಗಿ ಅರ್ಧ ಸತ್ಯ. ಸಮ್ಮೇಳನದ ಮೂರು ದಿನ ಕಳೆದ ಮೇಲೆ ಅದೇ ಓದುಗ ತನ್ನ ತಾಲೂಕಿನ ಪೇಟೆಗೆ ಹೋದರೆ ಸಿಗುವುದು ಗೈಡು, ನೋಟ್‌ಬುಕ್ಕು, ಸ್ಪರ್ಧಾ ಪರೀಕ್ಷೆಯ ಪುಸ್ತಕ. ಪಾರಿಶ್ವಾಡದ ಹುಡುಗಿಗೆ ಇವತ್ತು ಒಂದು ಕಾದಂಬರಿ ಬೇಕೆಂದರೆ ಮೊಬೈಲಿನಲ್ಲಿ ತರಿಸಬಹುದು ನಿಜ, ಆದರೆ ಹೆಸರು ಗೊತ್ತಿದ್ದ ಪುಸ್ತಕವನ್ನಷ್ಟೇ. ಕೈಗೆ ತಗೊಂಡು, ನಡುವಿನ ಪುಟ ತೆರೆದು, ನಾಲ್ಕು ಸಾಲು ಓದಿ, ಗೊತ್ತಿರದ ಲೇಖಕನನ್ನು ಮನೆಗೆ ಕರೆದುಕೊಂಡು ಹೋಗುವ ಅವಕಾಶ ಅವಳಿಗಿಲ್ಲ.

ದಾರಿಗಳು ಇವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಹೊಸ ಕಳೆ ಬಂದಿದೆ. ಈಗ ಅವನ್ನು ‘ಅರಿವು ಕೇಂದ್ರ’ ಎನ್ನುತ್ತೇವೆ, ‘ಓದುವ ಬೆಳಕು’ ಅಭಿಯಾನದಿಂದ ಮಕ್ಕಳು ಒಳಗೆ ಬರುತ್ತಿದ್ದಾರೆ. ಮಕ್ಕಳು ಹೆಚ್ಚು ಓದಿದಷ್ಟೂ ಪುಸ್ತಕ ಬೇಗ ಹರಿಯುತ್ತದೆ. ಅದು ಒಳ್ಳೆಯ ಲಕ್ಷಣ. ಪ್ರತಿ ಪಂಚಾಯಿತಿ ತನ್ನ ಬಜೆಟ್ಟಿನಲ್ಲಿ ಬೈಂಡಿಂಗಿಗೆ ಒಂದು ಚಿಕ್ಕ ಬಾಬ್ತು ಇಡಲಿ. ಖಾನಾಪುರ ತಾಲೂಕಿನ ಎಲ್ಲ ಅರಿವು ಕೇಂದ್ರಗಳ ಹರಕು ಪುಸ್ತಕ ಕೂಡಿಸಿದರೆ ಒಬ್ಬ ಬೈಂಡರನಿಗೆ ಮಳೆಗಾಲದ ತುಂಬ ಕೆಲಸ, ಅವನಿಂದ ಕಲಿಯುವ ಇಬ್ಬರು ಹುಡುಗ ಹುಡುಗಿಯರಿಗೆ ಕಸುಬು. 1993ರಲ್ಲಿ ಹುಟ್ಟಿದ ಕನ್ನಡ ಪುಸ್ತಕ ಪ್ರಾಧಿಕಾರ ಪ್ರಕಾಶಕರಿಗೆ, ಲೇಖಕರಿಗೆ, ರಾಜರತ್ನಂ ಹೆಸರಿನಲ್ಲಿ ಪರಿಚಾರಕರಿಗೆ ಪ್ರಶಸ್ತಿ ಕೊಡುತ್ತದೆ. ಹೊಲಿದವರಿಗೂ ಒಂದು ಕೊಡಲಿ. ಸರಕಾರದ ದುಡ್ಡಿನಲ್ಲಿ ಬರುವ ಸಂಪುಟಗಳಿಗೆ ಹೊಲಿಗೆ ಕಡ್ಡಾಯ ಎಂಬ ಒಂದು ಸಾಲಿನ ಆದೇಶ ಹೊರಡಿಸಲಿ; ಅದಕ್ಕೆ ಸಮಿತಿ, ವರದಿ ಯಾವುದೂ ಬೇಕಿಲ್ಲ. ಜಾತ್ರೆ ಕಮಿಟಿಯವರು ಬಳೆ, ಆಟಿಕೆ, ಮಿಠಾಯಿ ಅಂಗಡಿಗಳ ಸಾಲಿನಲ್ಲಿ ಒಂದು ಜಾಗ ಪುಸ್ತಕದವರಿಗೆ ಬಾಡಿಗೆ ಇಲ್ಲದೆ ಬಿಡಲಿ.

ಓದುಗರಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ರಟ್ಟು ಕಿತ್ತ ಒಂದು ಹಳೆಯ ಪುಸ್ತಕ ಇದ್ದೇ ಇರುತ್ತದೆ. ಅಜ್ಜಿ ಓದುತ್ತಿದ್ದ ಪುರಾಣವಿರಬಹುದು, ಅಪ್ಪನ ಚಂದಾದ ಗ್ರಂಥಮಾಲೆಯ ಸಂಪುಟವಿರಬಹುದು. ಬೆನ್ನು ತೆರೆದು ನೋಡಿ. ದಾರ ಇದ್ದರೆ ಅದಕ್ಕೆ ಇನ್ನೂ ಆಯುಷ್ಯ ಇದೆ. ಶಾಲೆ ಕಾಲೇಜುಗಳ ಗಡಿಬಿಡಿ ಇಲ್ಲದ ದಿನ ನೋಡಿ ಅದನ್ನು ನಿಮ್ಮ ಊರಿನ ಬೈಂಡರರ ಬಳಿ ಒಯ್ಯಿರಿ, ಕೇಳಿದಷ್ಟು ದುಡ್ಡು ಚೌಕಾಸಿ ಮಾಡದೆ ಕೊಡಿ, ಅವರ ಹೆಸರು ಕೇಳಿ ಕೊನೆಯ ಹಾಳೆಯಲ್ಲಿ ಬರೆದಿಡಿ.